ಕರಿಬಯಲಿನ ತಣ್ಣೀರು

ಕುಂಬಾರ ಇಬು ಹುಟ್ಟುವಾಗಲೇ 'ಯಾಕೆ' ಎಂದು ಅತ್ತಿರಬೇಕು ಎಂದು ಊರಿನಲ್ಲಿ ನಗುತ್ತಿದ್ದರು. ಮಡಕೆ ಸುಡುವ ಆವಿಗೆಯ ಹೊಗೆ ಬೆಳಗ್ಗೆ ಬಡಗಲಿಗೆ ಹೋದರೆ ಯಾಕೆ ಎನ್ನುವನು, ಸಂಜೆ ತೆಂಕಲಿಗೆ ತಿರುಗಿದರೆ ಅದಕ್ಕೂ ಯಾಕೆ ಎನ್ನುವನು. ಅವನ ಹೆಂಡತಿ ಹೆತೆಪಿ ಮದುವೆಯಾದ ಮೊದಲ ವರ್ಷ ಪಾಪ, ಪ್ರತಿಯೊಂದಕ್ಕೂ ಉತ್ತರ ಹೇಳುತ್ತಿದ್ದಳಂತೆ. ಎರಡನೇ ವರ್ಷದಿಂದ "ನಂಗೇನು ಗೊತ್ತು, ಹೋಗಿ ಕತ್ತೆ ಕೇಳು" ಎನ್ನತೊಡಗಿದಳು. ಅವನು ನಿಜಕ್ಕೂ ಹೋಗಿ ಕತ್ತೆಗಳನ್ನು ನೋಡುತ್ತಾ ಕೂರುತ್ತಿದ್ದ.

ಇಪ್ಪತ್ತು ವರ್ಷ ಅವನನ್ನು ಬಿಡದೆ ಕಾಡಿದ ಪ್ರಶ್ನೆ ಒಂದೇ. ಪಡುವಣ ದಾರಿ ಅವಳಿಗುಡ್ಡದ ಕಡೆಗೆ ಯಾಕೆ ಸೊಟ್ಟಗೆ ಹೋಗುತ್ತದೆ?

ಆ ದಾರಿ ಎಂದರೆ ಕಲ್ಲು ಹಾಸಿದ್ದಲ್ಲ, ಮಣ್ಣು ಬಡಿದು ಮಾಡಿದ್ದೂ ಅಲ್ಲ. ಕತ್ತೆಯ ಬಾಯಾರಿಕೆಯನ್ನು ಅಳೆದು ಮಾಡಿದ್ದು. ಹೇರು ಹೊತ್ತ ಕತ್ತೆ ನೀರಿಲ್ಲದೆ ಎರಡು ದಿನ ನಡೆಯುತ್ತದೆ. ಮೂರನೇ ದಿನ ಮುಂಗಾಲು ಮಡಚಿ ಕೂತರೆ ದೇವರೇ ಬಂದು ಬಾಲ ತಿರುಚಿದರೂ ಏಳುವುದಿಲ್ಲ. ನೈಲ್ ನದಿ ಮೂಡಲಿಗೆ ಎಷ್ಟೋ ದಿನದ ದೂರ. ಊರಿನ ಬಾವಿ ಬಿಟ್ಟು ಪಡುವಲಿಗೆ ಹೊರಟರೆ ಹದಿನೈದು ದಿನ ಇನ್ನೊಂದು ಬಾವಿ ಸಿಕ್ಕುವುದಿಲ್ಲ. ಹಾಗಾಗಿ ಎರಡೆರಡು ದಿನಕ್ಕೊಂದು ಕಡೆ, ಯಾವುದಾದರೂ ಗುಡ್ಡದ ಬುಡದಲ್ಲಿ, ಮೊದಲೇ ಹೋಗಿ ದೊಡ್ಡ ಮಣ್ಣಿನ ಹರವಿಗಳನ್ನು ಸಾಲಾಗಿ ಇಟ್ಟು ನೀರು ತುಂಬಿ ಬರಬೇಕು. ಆ ನೀರನ್ನು ಹೊತ್ತೊಯ್ಯುವ ಕತ್ತೆಗಳೂ ಕುಡಿಯುವವೇ. ಅವಕ್ಕೂ ನೀರು ಬೇಕು, ಅದನ್ನು ಹೊರಲು ಇನ್ನಷ್ಟು ಕತ್ತೆ ಬೇಕು. ಒಂದು ಸಲ ಸಾರ್ಥ, ಅಂದರೆ ವ್ಯಾಪಾರದ ಕತ್ತೆಗಳ ದಂಡು, ಹೊರಡಬೇಕಾದರೆ ಊರೆಲ್ಲ ಒಂದು ಚಳಿಗಾಲ ದುಡಿಯಬೇಕಿತ್ತು. ತಾಣದಲ್ಲಿ ನೀರು ಮುಗಿಸಿದವರು ಖಾಲಿ ಹರವಿಯನ್ನು ಬೋರಲು ಹಾಕಿ ಹೋಗಬೇಕೆಂಬುದು ಕಟ್ಟಳೆ. ಬಾಯಿ ಮೇಲಾಗಿ ಮುದ್ರೆಯೊಂದಿಗೆ ನಿಂತ ಹರವಿ ಎಂದರೆ ನೀರಿದೆ ಎಂದೇ ಅರ್ಥ.

ಎರಡನೇ ತಾಣದಿಂದ ನಾಲ್ಕನೇ ತಾಣಕ್ಕೆ ನೆಟ್ಟಗೆ ನಡೆದರೆ ಮೂರು ದಿನ. ಆದರೆ ದಾರಿ ಹಾಗೆ ಹೋಗದೆ ಎರಡು ದಿನ ತೆಂಕಲಿಗೆ ಓರೆಯಾಗಿ ಅವಳಿಗುಡ್ಡ ಮುಟ್ಟಿ, ಅಲ್ಲಿಂದ ಮತ್ತೆ ಎರಡು ದಿನ ಬಡಗಲಿಗೆ ಓರೆಯಾಗಿ ನಾಲ್ಕನೇ ತಾಣ ಸೇರುತ್ತಿತ್ತು. ಒಂದು ದಿನ ದಂಡ. ನಡುವಿನ ಕರಿಬಯಲಿನಲ್ಲೇ ಮೂರನೇ ತಾಣ ಮಾಡಿದರೆ ಆಗುತ್ತಿರಲಿಲ್ಲವೇ?

ಇಬು ಕತ್ತೆಯವರನ್ನು ಕೇಳಿದ. "ನಮ್ಮಜ್ಜ ಹಂಗೇ ಹೋಗ್ತಿದ್ರು" ಎಂದರು. ತನಗೆ ಕಸುಬು ಕಲಿಸಿದ ಮಾವ, ಹೆತೆಪಿಯ ಅಪ್ಪ ಹೆಮುವನ್ನು ಕೇಳಿದ. ಮುದುಕ ತಿರುಗುವ ತಿಗರಿ ನಿಲ್ಲಿಸದೆ, "ಅಲ್ಲಿ ಇಟ್ಟ ನೀರು ಅಲ್ಲೇ ಇರತ್ತೆ ಕಣಯ್ಯಾ" ಎಂದಿದ್ದ.

"ಎಲ್ಲಿಟ್ರೂ ಅಲ್ಲೇ ಇರತ್ತಲ್ಲ ಮಾವ, ನೀರಿಗೇನು ಕಾಲಿದೆಯಾ?"

"ಇರಬಹುದು" ಎಂದು ಮುದುಕ ಕೆಲಸ ಮುಂದುವರಿಸಿದ್ದ. ಇಬು ಅದನ್ನು ಅರಳುಮರುಳು ಎಂದುಕೊಂಡ. ಇಪ್ಪತ್ತು ವರ್ಷ ಕೇಳಿಯೂ ಯಾರೂ ಕಾರಣ ಹೇಳದಿದ್ದಾಗ ಅವನಿಗೆ ಖಾತ್ರಿಯಾಯಿತು: ಕಾರಣ ಇಲ್ಲವೇ ಇಲ್ಲ. ಬುದ್ಧಿವಂತರು ತಪ್ಪುವುದು ಇಂಥ ಕಡೆಯೇ ನೋಡಿ.

ಹೆಮು ತೀರಿಕೊಂಡ ಮೇಲೆ, ಊರಿನ ಒಡೆಯನ ಅರಮನೆಗೆ ಖೆಂತು ಎಂಬ ಹೊಸ ದಾರಿ ಅಧಿಕಾರಿ ಬಂದ. ನದಿಯ ಕಡೆಯವನು, ಚುರುಕು, ಮೂಳೆಕಡ್ಡಿ ಹಿಡಿದು ಹಸಿಮಣ್ಣಿನ ಹಲಗೆಯ ಮೇಲೆ ಸರಸರ ಬರೆಯುವವನು. ಬಂದ ತಿಂಗಳೊಳಗೇ ಹಲಗೆಯ ಮೇಲೆ ದಾರಿ ಗೀಚಿ, ಸೊಟ್ಟ ಭಾಗವನ್ನು ಹೆಬ್ಬೆರಳಿನಿಂದ ಅಳಿಸಿ, ನೆಟ್ಟನೆಯ ಗೆರೆ ಎಳೆದ. "ಇಲ್ಲಿ, ಈ ಕರಿಬಯಲಲ್ಲಿ ಮೂರನೇ ತಾಣ. ಅರವತ್ತು ಹರವಿ ಬೇಕು. ಆಗತ್ತೇನಯ್ಯಾ?"

ಇಬು ಕುಣಿಯುವುದೊಂದು ಬಾಕಿ. "ಸ್ವಾಮಿ, ಇಪ್ಪತ್ತು ವರ್ಷದಿಂದ ನಾನೂ ಇದನ್ನೇ ಬಡ್ಕೋತಿದೀನಿ!"

ಅರವತ್ತು ಹರವಿಯನ್ನೂ ಅವನೇ ಮಾಡಿದ. ಹೆಮು ಮಾಡುತ್ತಿದ್ದ ಹರವಿಗಳು ದಪ್ಪ, ಡೊಂಕು, ಒಳಗೆಲ್ಲ ಕಪ್ಪು ಕಂದು ಕಲೆ. ದಾರಿಗೆ ಹೋಗುವ ಪ್ರತಿ ಹರವಿಯಲ್ಲೂ ಆತ ಮೇಕೆಹಾಲು ಸುರಿದು, ಅದು ಇಂಗಿ ಸೀಯುವ ತನಕ ಕಾಯಿಸುತ್ತಿದ್ದ. ಯಾಕೆ ಎಂದರೆ "ಮರಳುಗಾಡು ಕಾಯೋ ಇಗಾಯ್ ದೇವರ ಪಾಲು" ಎನ್ನುತ್ತಿದ್ದ. ಇಬು ಆ ಶಾಸ್ತ್ರ ಬಿಟ್ಟುಬಿಟ್ಟ. ಅರವತ್ತು ಹರವಿಗೆ ಹಾಲು ಎಲ್ಲಿಂದ ತರುವುದು? ಅವನ ಹರವಿಗಳೋ, ತೆಳು ಹೊಟ್ಟೆ, ನುಣ್ಣನೆ ಮೈ, ಬೆರಳಲ್ಲಿ ತಟ್ಟಿದರೆ ಠಣ್ ಎನ್ನುವಂಥವು. ಇಬು ಮಾಡಿದ ಗಡಿಗೆಯ ನೀರು ಕುಡಿದವರು ಬೇರೆ ಗಡಿಗೆಯ ನೀರು ಮುಟ್ಟುತ್ತಿರಲಿಲ್ಲ, ಅಷ್ಟು ತಣ್ಣಗಿರುತ್ತಿತ್ತು. ಕರಿಬಯಲಿಗೂ ಅವನೇ ಹೋಗಿ, ಸಾಲಾಗಿ ನಿಲ್ಲಿಸಿ, ಕಂಠದ ತನಕ ನೀರು ತುಂಬಿ, ಬಟ್ಟೆ ಬಿಗಿದು ಮಣ್ಣು ಮೆತ್ತಿ ಬಂದ. ಜೊತೆಗೆ ಹೋಗಿದ್ದ ಗುಮಾಸ್ತ ಮೇಲೆ ಖೆಂತುವಿನ ಮುದ್ರೆ ಒತ್ತಿದ. ನೆಲ ಕಲ್ಲಿನಂತೆ ಗಟ್ಟಿಯಾಗಿದ್ದರಿಂದ ಹೂಳಲು ಆಗಲಿಲ್ಲ. ಹೂಳುವುದೇನು ಮಹಾ ಎಂದು ಅವನೂ ತಲೆ ಕೆಡಿಸಿಕೊಳ್ಳಲಿಲ್ಲ.

ಅದಾಗಿ ಇಪ್ಪತ್ತು ದಿನಕ್ಕೆ ಸಾರ್ಥ ಹೊರಟಿತು. ನಲವತ್ತು ಕತ್ತೆ, ಹದಿಮೂರು ಜನ. ಮುಂದಾಳು ಸೆಶಿ, ಇಬುವಿನ ಮಗಳು ನೆಬೆತಳ ಗಂಡ. ಹೋಗುವಾಗ ಇಪ್ಪತ್ತು ಹರವಿ ಕುಡಿಯುವುದು, ಬರುವಾಗ ಬಿಸಿಲು ಹೆಚ್ಚು, ಆಗ ಉಳಿದ ನಲವತ್ತು. ನಲವತ್ತನೇ ದಿನ ಊರು ಸೇರುವುದು. ಹಾಗೆಂದು ಮಾತಾಗಿತ್ತು.

ಹನ್ನೊಂದನೇ ದಿನ ಬಾಕು ಎಂಬ ಆಳು ವಾಪಸು ಬಂದ. ಅವನು ನೀರುಗತ್ತೆಗಳನ್ನು ಕರಿಬಯಲಿನ ತನಕ ಹೊಡೆದುಕೊಂಡು ಹೋಗಿದ್ದವನು. ನೇರ ಇಬುವಿನ ಅಂಗಳಕ್ಕೆ ಬಂದು ಕೂತು, ಈರುಳ್ಳಿ ಕಚ್ಚಿ ರೊಟ್ಟಿ ತಿನ್ನುತ್ತಾ ಹೇಳಿದ: "ಇಬಣ್ಣ, ನೀರು ಅಂದ್ರೆ ಅದಪ್ಪ ನೀರು! ನಡುಮಧ್ಯಾಹ್ನ, ಕಾಲ ಕೆಳಗೆ ಕಲ್ಲು ಕಾದು ಕೆಂಡ ಆಗಿದೆ, ಹರವಿ ಒಳಗೆ ಬೆಳಗಿನ ಜಾವದ ನದಿ ನೀರು. ಸೆಶಿ ಎರಡು ಸಲ ತಲೆ ಮೇಲೂ ಸುರ್ಕೊಂಡ."

ಇಬುವಿನ ಎದೆ ಉಬ್ಬಿತು. "ಇನ್ನೊಂದು ರೊಟ್ಟಿ ಹಾಕೇ ಇವನಿಗೆ!"

"ಆದ್ರೆ ಒಂದು ಮಾತು. ಬೇಜಾರು ಮಾಡ್ಕೋಬೇಡ. ಅಷ್ಟು ದೂರ ಹೋಗಿ ಒಂದು ಗೇಣು ಕಮ್ಮಿ ತುಂಬಿಸಿ ಬರೋದಾ? ಕಂಠದ ತನಕ ತುಂಬ್ಸೋದಲ್ವಾ?"

"ಏನಂದೆ? ನನ್ನ ಕೈಯಾರ ಕಂಠದ ತನಕ ತುಂಬಿದೀನಿ!"

"ಹಂಗಾದ್ರೆ ನಾನೇನು ಸುಳ್ಳು ಹೇಳ್ತಿದೀನಾ? ಒಂದಲ್ಲ, ಇಪ್ಪತ್ತೂ ಹಂಗೇ ಇತ್ತು."

"ಮುದ್ರೆ ಒಡೆದಿತ್ತಾ?"

"ಇಲ್ಲ."

"ಕೆಳಗೆ ಸೋರಿ ನೆಲ ಒದ್ದೆ ಆಗಿತ್ತಾ?"

"ಒಣಗಿ ಭಣಗುಟ್ತಿತ್ತು."

ಇಬು ರೊಟ್ಟಿ ಕೈಯಲ್ಲಿ ಹಿಡಿದವನು ಹಾಗೇ ಕೂತುಬಿಟ್ಟ. ಮುದ್ರೆ ಒಡೆದಿಲ್ಲ, ನೆಲ ಒದ್ದೆಯಾಗಿಲ್ಲ, ಒಂದು ಗೇಣು ನೀರಿಲ್ಲ. ಕುಡಿದವರು ಯಾರು? ಹೆತೆಪಿ ಬೇಳೆ ಆರಿಸುತ್ತಿದ್ದವಳು ತಲೆಯೆತ್ತದೆ, "ಇಗಾಯ್ ದೇವರು ಕುಡಿದಿರ್ತಾನೆ. ಅವನ ಪಾಲಿನ ಹಾಲು ನೀನು ಕೊಡ್ಲಿಲ್ವಲ್ಲ" ಎಂದಳು.

ಬೇರೆ ಯಾರೇ ಆಗಿದ್ದರೂ ದೇವರ ಹೆಸರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ಇಬು ಆ ಜಾತಿಯವನಲ್ಲ. ಅದೇ ಆವಿಗೆಯಲ್ಲಿ ಸುಟ್ಟ ಎರಡು ಹರವಿ ಮನೆಯಲ್ಲಿ ಉಳಿದಿದ್ದವು. ಎರಡಕ್ಕೂ ಕಂಠದ ತನಕ ನೀರು ತುಂಬಿ ಮಣ್ಣು ಮೆತ್ತಿದ. ಒಂದನ್ನು ಖರ್ಜೂರದ ಮರದ ನೆರಳಲ್ಲಿಟ್ಟ, ಇನ್ನೊಂದನ್ನು ಬಿಸಿಲಿನಲ್ಲಿ ಆವಿಗೆಯ ಚಾವಣಿಯ ಮೇಲೆ. ಆಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಹೆಮುವಿನ ಹಳೆಯ ಡೊಂಕು ಹರವಿಯ ಮೇಲೆ ಬಿತ್ತು. ಅದು ದಾರಿಗೆಂದು ಮಾಡಿ ಉಳಿದದ್ದು. ಹೆತೆಪಿ ಅದರಲ್ಲಿ ಬೇಳೆ ತುಂಬಿಟ್ಟಿದ್ದಳು.

"ಬೇಳೆ ಚೆಲ್ಲಿದ್ರೆ ನಿನ್ನ ತಲೆ ಮೇಲೇ ಅದನ್ನ ಒಡೀತೀನಿ" ಎಂದಳು.

"ಎಂಟು ದಿನ ಕೊಡೇ. ನಿಮ್ಮಪ್ಪಂದೂ ಒಂದು ನೋಡಣ."

ಅದನ್ನೂ ತುಂಬಿ ಬಿಸಿಲಿನಲ್ಲೇ ಇಟ್ಟ. ಎಂಟು ದಿನ ಅಂಗಳದಲ್ಲಿ ಯಾರಾದರೂ ಹರವಿಯ ಹತ್ತಿರ ಸುಳಿದರೆ ಸಾಕು, ಇಬು ಹಾರಿ ಬೀಳುತ್ತಿದ್ದ. ಬೆಳಗ್ಗೆ ಎದ್ದು ಮೂರರ ಹೊಟ್ಟೆಯನ್ನೂ ಸವರುವನು. ತನ್ನ ಹರವಿಗಳ ಮೈ ತಣ್ಣಗೆ, ಒದ್ದೊದ್ದೆ. ಹೆಮುವಿನದು ಬೆಚ್ಚಗೆ, ಒಣಕಲು. ಬಿಸಿಲೇರುತ್ತಿದ್ದಂತೆ ತನ್ನ ಹರವಿಯ ಮೇಲಿನ ಪಸೆ ಕಣ್ಣೆದುರೇ ಆರಿಹೋಗುವುದನ್ನು ಅವನು ಬಗ್ಗಿ ನೋಡುತ್ತಿದ್ದ. ನೆಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಎಂಟನೇ ದಿನ ಮುದ್ರೆ ಒಡೆದು ಒಳಗೆ ಜೊಂಡಿನ ಕಡ್ಡಿ ಇಳಿಬಿಟ್ಟ. ನೆರಳಿನದರಲ್ಲಿ ಮೂರು ಬೆರಳು ಕಮ್ಮಿ. ಬಿಸಿಲಿನದರಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಹೆಮುವಿನದರಲ್ಲಿ ಕಮ್ಮಿಯಾದದ್ದು ಒಂದು ಉಗುರಿನಷ್ಟು.

ಹೆತೆಪಿ ಬಂದು ಅಪ್ಪನ ಹರವಿಯೊಳಗೆ ಮೂಗು ತೂರಿಸಿದಳು. "ಇನ್ನೂ ಹಾಲಿನ ವಾಸನೆ. ಅಪ್ಪ ಹರವಿ ಕಾಯಿಸುವಾಗ ಮನೆಯೆಲ್ಲ ಹಿಂಗೇ ನಾರ್ತಿತ್ತು." ಅವಳ ಕಣ್ಣು ತುಂಬಿತು.

ಇಬು ಕಡ್ಡಿಯನ್ನು ಮತ್ತೊಮ್ಮೆ ಮೂರರಲ್ಲೂ ಅದ್ದಿದ. ಗಡಿಗೆ ಬೆವರುತ್ತದೆ, ಬೆವರಿದರೇ ನೀರು ತಣ್ಣಗಾಗುವುದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಅದೇ ಅವನ ಹೆಮ್ಮೆಯಾಗಿತ್ತು! ಆದರೆ ಮನೆಯ ಗಡಿಗೆಗೆ ದಿನಾ ಬೆಳಗ್ಗೆ ನೀರು ತುಂಬುತ್ತೇವೆ. ಎಷ್ಟು ಬೆವರಿತೆಂದು ಯಾರು ನೋಡುತ್ತಾರೆ? ಕರಿಬಯಲಲ್ಲಿ ದಿನಾ ತುಂಬುವವರು ಯಾರೂ ಇಲ್ಲ. ಹೆಮು ಹಾಲು ಕಾಯಿಸಿ ಮಣ್ಣಿನ ಬೆವರುಗಣ್ಣುಗಳನ್ನು ಮುಚ್ಚುತ್ತಿದ್ದ. ಅವಳಿಗುಡ್ಡದ ನೆರಳಲ್ಲಿ ಹೂಳುತ್ತಿದ್ದ. ಇಟ್ಟ ನೀರು ಅಲ್ಲೇ ಇರುತ್ತಿತ್ತು.

ಆಮೇಲೆ ಅವನು ಬೆರಳು ಮಡಚಿ ಗಟ್ಟಿಯಾಗಿ ದಿನ ಎಣಿಸಿದ. ಸಾರ್ಥ ಹೊರಟು ಇಂದಿಗೆ ಇಪ್ಪತ್ತು ದಿನ. ಅದಕ್ಕೂ ಮುಂಚೆ ಆ ಹರವಿಗಳು ಬಯಲಲ್ಲಿ ನಿಂತದ್ದು ಇಪ್ಪತ್ತು ದಿನ. ಸೆಶಿ ಮರಳಿ ಅಲ್ಲಿಗೆ ಬರುವುದು ಮೂವತ್ತೈದನೇ ದಿನ. ಆ ಚಳಿ ದಿನಗಳಲ್ಲೇ ಒಂದು ಗೇಣು ಹೋಗಿತ್ತು, ಈಗ ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದೆ, ಎಂಟೇ ದಿನಕ್ಕೆ ಅಷ್ಟು ಹೋಗುತ್ತದೆ. ಅಷ್ಟರಲ್ಲಿ ಬೇರೆ ಏನೂ ಉಳಿಯುವುದಿಲ್ಲ, ಮುದ್ರೆ ಒಂದು ಉಳಿಯುತ್ತದೆ. ನಲವತ್ತು ಹರವಿ ಬಾಯಿ ಮೇಲೆ ಮಾಡಿಕೊಂಡು, ನೀರಿದೆ ಬನ್ನಿ ಬನ್ನಿ ಎಂದು ಕರೆಯುತ್ತಾ ನಿಂತಿರುತ್ತವೆ.

ನೆಬೆತ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಏಳು ತಿಂಗಳ ಬಸುರಿ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅಪ್ಪ, ಇದು ನಿನ್ನ ಕೈಯಿಂದಾಗಿದ್ದು. ನೀನೇ ಹೋಗಿ ಅವರನ್ನ ಕರ್ಕೊಂಡು ಬಾ" ಎಂದಳು.

ಖೆಂತುವಿನ ಬಳಿ ಹೋದರೆ ಅವನು ಹಲಗೆಯಿಂದ ಕಣ್ಣೆತ್ತಲಿಲ್ಲ. "ಕಮ್ಮಿ ತುಂಬಿಸಿ ಬಂದು ಈಗ ಕಥೆ ಕಟ್ತಿದೀಯಾ? ಮುಚ್ಚಿದ ಹರವಿಯಿಂದ ನೀರು ಎಲ್ಲಿಗಯ್ಯಾ ಹೋಗತ್ತೆ?"

"ನಾನೂ ಹಿಂಗೇ ಕೇಳಿದ್ದೆ ಸ್ವಾಮಿ, ನಮ್ಮ ಮಾವನ್ನ."

"ನೀರುಗತ್ತೆಗಳನ್ನ ನದಿ ಕಡೆ ಕಳಿಸಾಯ್ತು, ಅರಮನೆ ಕತ್ತೆ ಒಂದೂ ಇಲ್ಲ. ನಲವತ್ತನೇ ದಿನ ಬರ್ತಾರೆ. ಸುಮ್ನೆ ಹೋಗು."

ಊರಲ್ಲಿ ಉಳಿದಿದ್ದ ಕತ್ತೆಗಳು ಸೆನೆತಳವು ಮಾತ್ರ. ಅರವತ್ತು ದಾಟಿದ ಒಂಟಿ ಹೆಂಗಸು, ನಾಲಿಗೆ ಚಾಟಿ, ಮೂರು ಮುದಿ ಕತ್ತೆ. ಅವಳ ಗಂಡ ಪಡುವಣ ದಾರಿಯಲ್ಲೇ ಸತ್ತಿದ್ದ. ಇಬು ಹೇಳಿದ್ದನ್ನೆಲ್ಲ ಕೇಳಿ, "ಕತ್ತೆ ಕೊಡಲ್ಲ" ಎಂದಳು.

"ಸೆನೆತಕ್ಕ, ಕಾಲಿಗೆ ಬೀಳ್ತೀನಿ."

"ಬೀಳ್ಬೇಡ, ಸೊಂಟ ಹಿಡ್ಕೊಂಡೀತು. ನಿನ್ನ ಕೈಗೆ ಕೊಡಲ್ಲ ಅಂದೆ. ನೀನು ದಾರಿಯುದ್ದಕ್ಕೂ ಅವನ್ನ ಯಾಕೆ ಯಾಕೆ ಅಂತ ಕೇಳಿ ಸಾಯಿಸ್ತೀಯ. ನಾನೇ ಬರ್ತೀನಿ."

ಹೋಗಬೇಕಾದದ್ದು ಎಲ್ಲಿಗೆ ಎಂಬುದೇ ಮೊದಲ ತಲೆನೋವಾಗಿತ್ತು. ಕರಿಬಯಲಿಗೆ ನೀರು ಹೊತ್ತೊಯ್ಯೋಣವೆಂದರೆ ಮೂರು ಕತ್ತೆ ಹೊರುವುದು ಆರು ಹರವಿ, ಹೋಗಿಬರುವಷ್ಟರಲ್ಲಿ ಅವೇ ಅದರ ಮುಕ್ಕಾಲು ಕುಡಿದು ಮುಗಿಸುತ್ತವೆ. ನಲವತ್ತು ಕತ್ತೆಗೆ ಇಪ್ಪತ್ತು ಹರವಿ ಬೇಕು, ಜನಕ್ಕೆ ಬೇರೆ. ಉಳಿದದ್ದು ಒಂದೇ ಆಸೆ, ಅವಳಿಗುಡ್ಡ. ಅಲ್ಲಿ ಹೆಮುವಿನ ಕಾಲದ ಹರವಿಗಳಿದ್ದವು. ಅವನ ಕೊನೆಯ ವರ್ಷ ಸಾರ್ಥ ಹೊರಡದೆ ನಿಂತುಹೋದ್ದರಿಂದ ಅವು ತುಂಬಿದಂತೆಯೇ ಉಳಿದಿವೆ ಎಂದು ಸೆನೆತ್ ಹೇಳಿದಳು. ಆದರೆ ತುಂಬಿ ಎರಡು ವರ್ಷವಾಗಿತ್ತು. ಅಲ್ಲಿ ನೀರಿದ್ದರೆ ಸೆಶಿಯನ್ನು ನಾಲ್ಕನೇ ತಾಣದಲ್ಲೇ ತಡೆದು ಹಳೆಯ ದಾರಿಗೆ ತಿರುಗಿಸಬೇಕು. ಇಲ್ಲದಿದ್ದರೆ?

ಮೂರು ದಿನ ತೊಗಲಚೀಲ ಹೊಂದಿಸಿ, ಒಣರೊಟ್ಟಿ, ಖರ್ಜೂರ ಕಟ್ಟಿಕೊಂಡು ಇಪ್ಪತ್ತನಾಲ್ಕನೇ ದಿನ ಹೊರಟರು. ಇಬುವಿಗೆ ದಾರಿಯುದ್ದಕ್ಕೂ ಎದೆಯಲ್ಲಿ ಭಯ, ಬಾಯಲ್ಲಿ ಪ್ರಶ್ನೆ. ಮೊದಲ ತಾಣ ಗುಡ್ಡದ ಬಡಗಣ ಬುಡದಲ್ಲಿತ್ತು. ಎರಡನೆಯದೂ ಬಡಗಣ ಬುಡದಲ್ಲೇ. ಇಷ್ಟು ವರ್ಷ ಕಂಡೂ ಅವನು ನೋಡಿರಲಿಲ್ಲ. ಅಲ್ಲಿದ್ದದ್ದೂ ಈ ವರ್ಷ ಅವನೇ ಮಾಡಿದ ಹಾಲು ಕಾಯಿಸದ ಹರವಿ, ಆದರೆ ನೆರಳಲ್ಲಿ ಕುತ್ತಿಗೆಯ ತನಕ ಮರಳಲ್ಲಿ ಹೂತದ್ದರಿಂದ ಮುಕ್ಕಾಲು ಉಳಿದಿತ್ತು.

"ಸೆನೆತಕ್ಕ, ಎಲ್ಲ ತಾಣಾನೂ ಬಡಗಲಿಗೇ ಯಾಕೆ?"

"ತೆಂಕಲಲ್ಲಿ ಕೂತು ನೋಡು, ತಿಕ ಸುಟ್ರೆ ಗೊತ್ತಾಗತ್ತೆ."

"ಮತ್ತೆ ನೀವೆಲ್ಲ ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ನೀನು ದಾರಿ ಯಾಕೆ ಸೊಟ್ಟ ಅಂತ ಕೇಳ್ದೆ. ನೆರಳು ಎಲ್ಲಿದೆ ಅಂತ ಕೇಳಿದ್ರೆ ಹೇಳ್ತಿದ್ವಿ" ಎಂದು ಕತ್ತೆಯ ಕಿವಿ ತುರಿಸಿದಳು.

ಮೂವತ್ತನೇ ದಿನ ಅವಳಿಗುಡ್ಡ ಕಂಡಿತು. ಎರಡು ಕೋಡು, ನಡುವೆ ತಗ್ಗು, ಬಡಗಣ ಬುಡದಲ್ಲಿ ಗೋಡೆಯಂಥ ಕಡಿದಾದ ಬಂಡೆ. ಆ ಬಂಡೆಯ ಬುಡದಲ್ಲಿ ಚಳಿಗಾಲವಿಡೀ ಬಿಸಿಲು ಬೀಳುವುದಿಲ್ಲ, ಬೇಸಗೆಯಲ್ಲೂ ತುಸು ಹೊತ್ತು ಓರೆಬಿಸಿಲು ಅಷ್ಟೆ. ಕೆಳಗೆ ಮೆತ್ತನೆಯ ಮರಳು. ಎರಡು ದಿನದ ದೂರದಲ್ಲಿ ಸುತ್ತಮುತ್ತ ಎಲ್ಲೂ ಇಂಥ ಇನ್ನೊಂದು ಬಂಡೆ ಇಲ್ಲ, ಇಂಥ ಇನ್ನೊಂದು ನೆರಳಿಲ್ಲ. ದಾರಿ ಇದಕ್ಕಾಗಿಯೇ ಒಂದು ದಿನ ತೆತ್ತು ಇಲ್ಲಿಗೆ ಬರುತ್ತಿತ್ತು.

ಇಬು ಓಡಿಹೋಗಿ ಮಂಡಿಯೂರಿ ಮರಳು ಬಗೆದ. ಕತ್ತಿನ ತನಕ ಹೂತ ಡೊಂಕು ಹರವಿಗಳು ಬಾಯಿ ಮೇಲಾಗಿ ನಿಂತಿದ್ದವು. ಮುದ್ರೆಯನ್ನು ನಂಬುವ ಗೋಜಿಗೆ ಹೋಗದೆ ಮೊದಲನೆಯದನ್ನು ಬೆರಳಿಂದ ತಟ್ಟಿದ. ದಪ್ಪ ಸದ್ದು ಬಂತು. ಎರಡನೆಯದು, ಮೂರನೆಯದು. ಮೆತ್ತಿದ ಮಣ್ಣನ್ನು ಸೆನೆತಳೇ ಒಡೆದಳು. ಬಟ್ಟೆ ಎತ್ತಿದರೆ ಒಳಗೆ ಕಪ್ಪು ನೀರು ಅಲುಗಾಡಿತು, ಕಂಠದಿಂದ ನಾಲ್ಕು ಬೆರಳು ಕೆಳಗೆ. ಎರಡು ವರ್ಷಕ್ಕೆ ನಾಲ್ಕೇ ಬೆರಳು! ಒಂದೊಂದಾಗಿ ಎಲ್ಲ ತಟ್ಟಿದ. ಮೂರು ಬಿರಿದಿದ್ದವು. ಇಪ್ಪತ್ತೇಳು ತುಂಬಿದ್ದವು.

"ಮಾವ" ಎಂದು ಇಬು ಹರವಿಯ ಕುತ್ತಿಗೆ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

ಸೆನೆತ್ ಬೊಗಸೆಯಲ್ಲಿ ನೀರು ಕುಡಿದು ಮುಖ ಸಿಂಡರಿಸಿದಳು. "ಥೂ! ಹೋತದ ಗಡ್ಡ ನೆನೆಹಾಕಿದಂಗಿದೆ. ಏಳು, ಅಳೋದಕ್ಕೆ ನೀರು ಖರ್ಚು ಮಾಡ್ಬೇಡ."

ಒಂದು ಹರವಿಯನ್ನು ಅಗೆದು ಕತ್ತೆಯ ಮೇಲೆ ಹೇರಿಕೊಂಡು ನಾಲ್ಕನೇ ತಾಣಕ್ಕೆ ನಡೆದರು. ಸೆಶಿ ಅಲ್ಲಿಗೆ ಬರುವುದು ಮೂವತ್ತಮೂರನೇ ದಿನ. ಇವರು ಮುಟ್ಟಿದ್ದು ಮೂವತ್ತೆರಡನೇ ದಿನ ಬೆಳಗ್ಗೆ. ಆದರೆ ತಾಣದಲ್ಲಿ ಹರವಿಗಳೆಲ್ಲ ಬೋರಲು ಬಿದ್ದಿದ್ದವು. ಸೆನೆತ್ ಬಗ್ಗಿ ಲದ್ದಿಯೊಂದನ್ನು ಎತ್ತಿ ಮುರಿದಳು. ಒಳಗೆ ಇನ್ನೂ ಹಸಿ.

"ಒಂದು ದಿನ ಮುಂಚೆ ಬಂದವ್ರೆ. ಇವತ್ತು ಬೆಳಗ್ಗೆ ಹೊರಟವ್ರೆ" ಎಂದಳು. ಗೊರಸಿನ ಗುರುತು ನೆಟ್ಟಗೆ ಮೂಡಲಿಗೆ, ಕರಿಬಯಲಿನ ಕಡೆಗೆ ಹೋಗಿತ್ತು. ಸೆಶಿಗೆ ಮನೆ ಸೇರುವ ಆತುರ.

ಸೆನೆತಳಿಗೆ ಅವಳಿಗುಡ್ಡಕ್ಕೆ ಹಿಂದಿರುಗಲು ಹೇಳಿ, ಇಬು ಹರವಿ ಹೊತ್ತ ಕತ್ತೆಯನ್ನು ಹಿಡಿದು ಓಡಿದ. ಓಡಲಾಗದಾಗ ನಡೆದ, ನಡೆಯಲಾಗದಾಗ ಕತ್ತೆಯ ಬಾಲ ಹಿಡಿದು ಎಳೆಸಿಕೊಂಡ. ಹೇರು ಹೊತ್ತ ಸಾರ್ಥ ನಡುಹಗಲು ನಿಲ್ಲುತ್ತದೆ ಎಂಬುದೊಂದೇ ಧೈರ್ಯ. ಹೊತ್ತು ಇಳಿಯುವಾಗ, ಮತ್ತೆ ಹೊರಡಲು ಹೇರು ಬಿಗಿಯುತ್ತಿದ್ದ ಜನ ಕಂಡರು. ಸೆಶಿ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಮಾವ? ನೀವಿಲ್ಲಿ! ನೆಬೆತ್?" ಎಂದು ಓಡಿಬಂದ.

"ಚೆನ್ನಾಗಿದಾಳೆ. ಸೆಶಿ, ಕರಿಬಯಲಿಗೆ ಹೋಗ್ಬೇಡ. ಅಲ್ಲಿ ನೀರಿಲ್ಲ."

ಹದಿಮೂರು ಜನವೂ ಸುತ್ತ ನೆರೆದರು. ಗಡ್ಡದವನೊಬ್ಬ ನಕ್ಕ. "ಬಿಸಿಲು ತಲೆಗೇರಿದೆ ಯಜಮಾನ್ರಿಗೆ. ನಲವತ್ತು ಹರವಿ ನಾವೇ ಬಿಟ್ಟು ಬಂದಿದೀವಿ, ಮುದ್ರೆ ಸಮೇತ."

"ಮುದ್ರೆ ಇರತ್ತೆ. ನೀರಿರಲ್ಲ."

"ಮಾವ" ಎಂದ ಸೆಶಿ ಮೆಲ್ಲಗೆ, "ಈ ದಾರಿಲಿ ಎಲ್ಲೂ ಅಂಥ ನೀರು ಕುಡಿದಿಲ್ಲ ನಾವು. ಇವರೆಲ್ಲ ಎರಡು ದಿನದಿಂದ ಅದನ್ನೇ ನೆನೆಸ್ಕೊಂಡು ಬೇಗ ಬೇಗ ಕಾಲು ಹಾಕ್ತಿದಾರೆ. ನಿಮ್ಮ ಹರವಿ ನೀರು ಅಷ್ಟು ತಣ್ಣಗಿತ್ತು."

ಆ ಹೊಗಳಿಕೆ ಇಬುವಿಗೆ ಕಪಾಳಕ್ಕೆ ಹೊಡೆದಂತಾಯಿತು. "ತಣ್ಣಗಿದ್ದದ್ದಕ್ಕೇ ಕಣೋ ಮುಗಿದಿರೋದು. ಬೆವರಿ ಬೆವರಿ ತಣ್ಣಗಾಗಿತ್ತು. ನನ್ನ ಹರವಿ ಮನೆಗೆ ಚೆಂದ, ದಾರಿಗಲ್ಲ. ಹಾಲು ಕಾಯಿಸ್ಲಿಲ್ಲ, ನೆರಳು ನೋಡ್ಲಿಲ್ಲ. ತಪ್ಪು ನನ್ನದು. ಎಲ್ಲಾರ ಮುಂದೆ ಹೇಳ್ತಿದೀನಿ, ತಪ್ಪು ನನ್ನದು."

ಅವನು ಕತ್ತೆಯ ಮೇಲಿನ ಡೊಂಕು ಹರವಿ ಇಳಿಸಿ, ಮುದ್ರೆ ಒಡೆದು, ಬೋಗುಣಿಗೆ ಬಗ್ಗಿಸಿ ಸೆಶಿಯ ಕೈಗಿತ್ತ. ಸೆಶಿ ಕುಡಿದವನೇ ಮುಖ ಕಿವುಚಿದ. "ಬೆಚ್ಚಗಿದೆ. ನಾರ್ತಿದೆ. ಏನಿದು?"

"ಅವಳಿಗುಡ್ಡದ್ದು. ಎರಡು ವರ್ಷದ ಹಿಂದೆ ತುಂಬಿದ್ದು. ಇನ್ನೂ ಇಪ್ಪತ್ತಾರು ಇವೆ."

ಗಡ್ಡದವನು ಹರವಿಯೊಳಗೆ ಬಗ್ಗಿ ನೋಡಿದ, ಕೈ ಅದ್ದಿ ಎಷ್ಟು ತುಂಬಿದೆಯೆಂದು ನೋಡಿದ. ಅವನ ನಗು ನಿಂತಿತು. ಎರಡು ವರ್ಷ ಎಂದರೇನೆಂದು ಆ ಜನಕ್ಕೆ ವಿವರಿಸಬೇಕಾಗಿರಲಿಲ್ಲ. ಸೆಶಿ ಮಾವನ ಬಿರಿದ ತುಟಿಯನ್ನು, ರಕ್ತ ಒಸರುತ್ತಿದ್ದ ಪಾದಗಳನ್ನು ನೋಡಿದ. ಆಮೇಲೆ ಎದ್ದು, ಮುಂದಿನ ಕತ್ತೆಯ ಹಗ್ಗ ಹಿಡಿದು ತೆಂಕಲಿಗೆ ತಿರುಗಿಸಿದ.

ಮೂರನೇ ದಿನ ನೆತ್ತಿಗೆ ಬಿಸಿಲು ಬರುವ ಮುಂಚೆ ಅವಳಿಗುಡ್ಡ ಮುಟ್ಟಿದರು. ಎರಡು ಕತ್ತೆ ದಾರಿಯಲ್ಲೇ ಕೂತಿದ್ದವು, ಅವುಗಳ ಹೇರನ್ನು ಜನ ಹೊತ್ತು ತಂದರು. ಸೆನೆತ್ ಮೊದಲೇ ಹಳೆಯ ದಾರಿಯಲ್ಲಿ ಬಂದು ಹರವಿಗಳನ್ನು ಬಗೆದಿಟ್ಟು ಕಾಯುತ್ತಿದ್ದಳು. "ಕುಡೀರಪ್ಪ, ರುಚಿ ಕೇಳ್ಬೇಡಿ" ಎಂದಳು. ನಲವತ್ತನೇ ದಿನವಲ್ಲ, ನಲವತ್ತೊಂದನೇ ದಿನ ಹದಿಮೂರೂ ಜನ ಊರು ಸೇರಿದರು. ನೆಬೆತ್ ಗಂಡನ ಕೈ ಹಿಡಿದುಕೊಂಡು ಅಪ್ಪನ ಕಡೆ ನೋಡಿದಳು, ಆಗ ಅತ್ತಳು.

ಖೆಂತು ಆಗಲೂ ಪೂರ್ತಿ ನಂಬಲಿಲ್ಲ. ಮುಂದಿನ ಚಳಿಗಾಲ ಅವಳಿಗುಡ್ಡಕ್ಕೆ ಹೊಸ ಹಾಲುಹರವಿ ಇಡಲು ಹೊರಟಾಗ ತಾನೂ ಬಂದ. ಹಟ ಹಿಡಿದು ಇಬುವಿನೊಂದಿಗೆ ನೀರು ಹೊತ್ತು ಕರಿಬಯಲಿಗೆ ನಡೆದ. ನಲವತ್ತು ಹರವಿ ಸಾಲಾಗಿ ನಿಂತಿದ್ದವು, ನುಣ್ಣಗೆ, ಚೆಂದಕ್ಕೆ. ಒಂದೊಂದರ ಮೇಲೂ ಖೆಂತುವಿನ ಮುದ್ರೆ ಮುಕ್ಕಾಗದೆ ಉಳಿದಿತ್ತು. ಅವನು ಮೊದಲ ಹರವಿಯ ಮುಂದೆ ಕೂತು ತನ್ನ ಮುದ್ರೆಯನ್ನು ಮುಟ್ಟಿ ನೋಡಿದ. ಆಮೇಲೆ ಎರಡು ಕೈಯಲ್ಲಿ ಬಿಗಿಹಿಡಿದು ಎತ್ತಲು ಹೋದ. ಹರವಿ ಹಗುರವಾಗಿ ಮೇಲೆದ್ದುಬಂದು ಅವನೇ ಹಿಂದಕ್ಕೆ ಮುಗ್ಗರಿಸಿದ. ಮುದ್ರೆ ಒಡೆದು ನೋಡಿದರೆ ತಳದಲ್ಲಿ ಬಿಳಿಯ ಕರೆ, ಅಷ್ಟೆ.

ಖೆಂತು ಆ ಹರವಿಯನ್ನು ಬೋರಲು ಹಾಕಿದ. ಇಬು ಎರಡನೆಯದನ್ನು ಬೋರಲು ಹಾಕಿದ. ಹೀಗೆ ಇಬ್ಬರೂ ಸೇರಿ ಸಾಲಿನ ಕೊನೆಯ ತನಕ ಹೋದರು. ಕೊನೆಯದನ್ನು ಇಬು ಒಮ್ಮೆ ತಟ್ಟಿ ಆ ಸದ್ದನ್ನು ಕೇಳಿ, ಬೋರಲು ಹಾಕಿದ.

"ಹಲಗೆ ತಂದಿದೀನಿ. ಏನಂತ ಬರೀಲಯ್ಯಾ?" ಎಂದು ಖೆಂತು ಕೇಳಿದ.

"ದಾರಿ ಯಾಕೆ ಸೊಟ್ಟ ಅಂತ ಬರೀರಿ ಸ್ವಾಮಿ. ಹಾಲು, ನೆರಳು, ಎಲ್ಲಾ ಬಿಡಿಸಿ ಬರೀರಿ. ಇನ್ನೊಬ್ಬ ಯಾವನೋ ನನ್ನಂಥವನು ಬಂದು ಕೇಳ್ತಾನೆ. ಆಗ ನಾವ್ಯಾರೂ ಇರಲ್ಲ."

ಖೆಂತು ಮೂಳೆಕಡ್ಡಿ ತೆಗೆದು ಬರೆದ. ಇಬು ಆ ಹಲಗೆಯನ್ನು ಊರಿಗೆ ತಂದು ಹಾಲುಹರವಿಗಳ ಜೊತೆ ಅದೇ ಆವಿಗೆಯಲ್ಲಿ ಸುಟ್ಟ. ಆಮೇಲೆ ಅವಳಿಗುಡ್ಡಕ್ಕೆ ಹೊತ್ತೊಯ್ದು, ಮೊದಲ ಹರವಿಯ ಪಕ್ಕದಲ್ಲಿ, ಕೈಗೆ ಸಿಕ್ಕುವ ಹಾಗೆ ಇಟ್ಟುಬಂದ.